ಕೊಟ್ಟ ಮಾತಿನ ಬೆಲೆ

ಪೂರ್ವ ಕೆರಿಬಿಯನ್ ಕೇಂದ್ರ ಬ್ಯಾಂಕು 2019ರಿಂದ ಹೊರತರುತ್ತಿರುವ ಪಾಲಿಮರ್ ನೋಟು ಕೈಗೆ ಬಂದರೆ ಸಂಗ್ರಾಹಕರು ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಪಾರದರ್ಶಕ ಕಿಟಕಿ ತಿಳಿಯಾಗಿರಬೇಕು. ದೃಷ್ಟಿ ಇಲ್ಲದವರಿಗೆಂದು ಮೂಡಿಸಿದ ಉಬ್ಬುಗುರುತು ಬೆರಳಿಗೆ ಸಿಗಬೇಕು. ಇಷ್ಟು ಸರಿಯಿದ್ದರೆ ನೋಟು ಅಸಲಿಯೆಂದು ಆಲ್ಬಮ್ ಸೇರುತ್ತದೆ.

ಅಸಲಿ ಎಂದಮಾತ್ರಕ್ಕೆ ಬೆಲೆ ಉಳಿಯುತ್ತದೆಯೇ? ಟ್ರಿನಿಡಾಡ್ ಮತ್ತು ಟೊಬೇಗೊ ಸರ್ಕಾರ 2019ರ ಡಿಸೆಂಬರ್ ಮೊದಲ ವಾರದಲ್ಲಿ ಹೊಸ 100 ಡಾಲರ್ ಪಾಲಿಮರ್ ನೋಟನ್ನು ಪ್ರಕಟಿಸಿತು. ಹಳೆಯ ಕಾಗದದ ನೋಟಿನ ಚಲಾವಣೆ ಆ ತಿಂಗಳ 31ಕ್ಕೇ ಮುಗಿಯಿತು. ನೀರುಗುರುತು, ಭದ್ರತಾ ಎಳೆ ಎಲ್ಲವೂ ಇದ್ದಲ್ಲೇ ಇದ್ದವು. ಆದರೂ ಜನವರಿಯಲ್ಲಿ ಅಂಗಡಿಯವನು ಅದನ್ನು ಮುಟ್ಟಬೇಕಾಗಿರಲಿಲ್ಲ. ಕಳ್ಳಹಣ ತಡೆಯಬೇಕೆಂಬ ಕಾರಣ ಸರ್ಕಾರಕ್ಕಿತ್ತು. 2016ರ ನವೆಂಬರ್ 8ರ ನೋಟು ರದ್ದತಿಯ ರಾತ್ರಿಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಂಟ್‌ಸೆರಾಟ್ ದ್ವೀಪದ ಕಥೆ ಇದಕ್ಕೆ ತಿರುವುಮುರುವು. 1995ರಲ್ಲಿ ಅಲ್ಲಿನ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಎಚ್ಚೆತ್ತಿತು. ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ದ್ವೀಪದ ಬಹುಪಾಲು ಜನ ಊರುಬಿಟ್ಟರು. ಆದರೆ ಅವರ ಜೇಬಿನ ನೋಟು ಬೆಲೆ ಕಳೆದುಕೊಳ್ಳಲಿಲ್ಲ. ಅದು ಪೂರ್ವ ಕೆರಿಬಿಯನ್ ಡಾಲರ್, ಎಂಟು ನಾಡುಗಳು ಹಂಚಿಕೊಂಡದ್ದು. ಒಂದು ಅಮೆರಿಕನ್ ಡಾಲರಿಗೆ 2.70 ಎಂದು 1976ರಲ್ಲಿ ಗೊತ್ತುಮಾಡಿದ ದರವನ್ನು ಅವು ಇಂದಿಗೂ ಕದಲಿಸಿಲ್ಲ. ಒಬ್ಬರ ಮನೆ ಕುಸಿದಾಗಲೂ ಉಳಿದವರು ಸೇರಿ ನೋಟಿನಲ್ಲಿ ಕೊಟ್ಟ ಮಾತನ್ನು ಎತ್ತಿಹಿಡಿದರು.

ಭದ್ರತಾ ಗುರುತುಗಳು ಕಾಯುವುದು ಹೊರಗಿನ ಖೋಟಾಗಾರನಿಂದ. ನೋಟು ಕೊಟ್ಟವನೇ ಮಾತು ಹಿಂತೆಗೆದುಕೊಂಡರೆ ಅವುಗಳಿಗೆ ಕೆಲಸವಿಲ್ಲ. ನಮ್ಮ ಬಾಳಿನಲ್ಲೂ ಸಹಿ, ಮೊಹರು, ಛಾಪಾ ಕಾಗದ, ಇಬ್ಬರು ಸಾಕ್ಷಿಗಳು ಎಂದು ಎಷ್ಟೊಂದು ಕಾವಲು! ಇವೆಲ್ಲ ನಮ್ಮ ಹೆಸರಿನಲ್ಲಿ ಬೇರೆಯವರು ಮೋಸ ಮಾಡದಂತೆ ತಡೆಯುತ್ತವೆ. ನಾವೇ ನಮ್ಮ ಮಾತಿಗೆ ತಪ್ಪುವುದನ್ನು ತಡೆಯಲಾರವು. ಪತ್ರದಲ್ಲಿ ಒಂದಕ್ಷರದ ದೋಷವಿಲ್ಲದೆಯೂ ಮನುಷ್ಯ ಸುಳ್ಳಾಗಬಹುದು: ಮಗಳ ಮದುವೆಗೆ ನೆರವಾಗುತ್ತೇನೆಂದ ಅಣ್ಣ, ವಯಸ್ಸಾದ ಮೇಲೆ ನೋಡಿಕೊಳ್ಳುತ್ತೇನೆಂದ ಮಗ, ಬೆಳೆ ಬಂದಮೇಲೆ ಲೆಕ್ಕ ಚುಕ್ತಾ ಎಂದ ಧಣಿ.

ಕೈ ತುಂಬಿದ್ದಾಗ ಮಾತು ಉಳಿಸಿಕೊಳ್ಳುವುದು ದೊಡ್ಡದಲ್ಲ. ಬೂದಿ ಸುರಿಯುವ ವರ್ಷದಲ್ಲೂ ಉಳಿಸಿಕೊಂಡರೆ ಅದು ಅಸಲಿ. ಒಬ್ಬರಿಗೇ ಆ ಭಾರ ಹೆಚ್ಚಾದಾಗ ಹೆಗಲು ಕೊಡುವ ನಾಲ್ಕು ಜನರನ್ನು ಗಳಿಸಿಕೊಂಡಿರುವುದೂ ಮಾತು ಉಳಿಸಿಕೊಳ್ಳುವ ಸಿದ್ಧತೆಯೇ.