ಹುಳವೂ ಅಲ್ಲ, ಹೊಲಸೂ ಅಲ್ಲ

ಹಲ್ಲುನೋವಿಗೆ ಹಗಲಿಗಿಂತ ರಾತ್ರಿಯೇ ಇಷ್ಟ. ಹೊಲದ ಕೆಲಸದಲ್ಲಿ ಮರೆತದ್ದು ತಲೆ ನೆಲಕ್ಕೆ ತಾಗಿದ ಕೂಡಲೇ ಎದ್ದು ಬಡಿಯುತ್ತದೆ. ದವಾಖಾನೆ ತಾಲೂಕಿನ ಊರು ಇಂಡಿಯಲ್ಲಿ, ಬಸ್ಸು ಬೆಳಗಾದ ಮೇಲೆ. ಅಲ್ಲಿಯತನಕ ಮನೆಯ ಲವಂಗವೇ ಗತಿ.

*

ಲವಂಗವನ್ನು ಹಗುರವಾಗಿ ಕಾಣಬಾರದು. ಅದರೊಳಗಿನ ಯೂಜಿನಾಲ್ ಇವತ್ತಿಗೂ ದಂತವೈದ್ಯರು ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲಿದೆ. ಆದರೆ ನೋವು ನಿಂತಿತೆಂದು ಹುಳುಕು ನಿಲ್ಲುವುದಿಲ್ಲ. ನೋವು ನಿಂತ ದಿನವೇ ಇಂಡಿಯ ಬಸ್ಸು ಹತ್ತಬೇಕು. ಅಂದೇ ನಮಗೆ ಬಸ್ಸು ನೆನಪಾಗುವುದಿಲ್ಲ.

*

ಹುಳುಕು ಹಲ್ಲಿನೊಳಗೆ ಹುಳ ಇದೆ ಎಂದು ಬ್ಯಾಬಿಲೋನಿನಿಂದ ಹಿಡಿದು ನಮ್ಮ ಹಳ್ಳಿಗಳವರೆಗೆ ಜನ ನಂಬಿದ್ದರು. ನೆಲಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಬಾಯಿಗೆ ಹೊಗೆ ಹಿಡಿದು, ಹುಳ ಉದುರುವುದನ್ನು ಕಾಯುತ್ತಿದ್ದರು. ಪ್ಯಾರಿಸ್ಸಿನ ಪಿಯೆರ್ ಫೋಷಾರ್ 1728ರ ತನ್ನ ದಂತವೈದ್ಯ ಗ್ರಂಥದಲ್ಲಿ, ಅಂಥ ಹುಳ ತನಗೆ ಕಂಡಿಲ್ಲ ಎಂದು ಬರೆದ. ಊರೆಲ್ಲ ಇದೆ ಎನ್ನುವಾಗ ಇಲ್ಲ ಎನ್ನುವುದಕ್ಕೆ ಎದೆ ಬೇಕು.

*

ಡೆಲ್ಫ್ಟಿನಲ್ಲಿ ಮಸೂರ ಉಜ್ಜಿ ಸೂಕ್ಷ್ಮದರ್ಶಕ ಮಾಡುತ್ತಿದ್ದ ಲೇವೆನ್‌ಹುಕ್ ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುವವನು, ನಮ್ಮ ಅಜ್ಜಂದಿರ ಹಾಗೆ. ಆದರೂ 1683ರಲ್ಲಿ ಹಲ್ಲುಸಂದಿಯ ಬಿಳಿ ಪಾಚಿ ತೆಗೆದು ಮಸೂರದಡಿ ಇಟ್ಟಾಗ ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. ಹುಳ ಇಲ್ಲ ಎಂದವನೂ ಸರಿ, ಜೀವ ಇದೆ ಎಂದವನೂ ಸರಿ.

*

1685. ಔರಂಗಜೇಬನ ಸೈನ್ಯ ವಿಜಾಪುರದ ಕೋಟೆ ಮುತ್ತಿದ ವರ್ಷ. ಅದೇ ವರ್ಷ ಫ್ರಾನ್ಸಿನ ದೊರೆ 14ನೇ ಲೂಯಿಯ ಮೇಲಿನ ಹಲ್ಲು ಕಿತ್ತ ವೈದ್ಯರು ದವಡೆಯನ್ನೂ ಮುರಿದರು. ಕುಡಿದದ್ದು ಮೂಗಿನಿಂದ ಬರತೊಡಗಿತು. ಕಾಸಿದ ಕಬ್ಬಿಣದಿಂದ ಗಾಯ ಸುಟ್ಟರು. ಅರಸನಿಗೇ ಅಷ್ಟಾದರೆ ಆಳುಮಕ್ಕಳ ಪಾಡೇನು!

1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ತೋರಿಸಿದ ಮಾರ್ಟನ್ ದಂತವೈದ್ಯ. ಇವತ್ತು ಹೆರಿಗೆಯ ಆಪರೇಷನ್ನಿಗೆ ಅರಿವಳಿಕೆ ಸಿಗುವುದರಲ್ಲಿ ಹಲ್ಲುನೋವಿನವರ ಪಾಲೂ ಇದೆ.

*

1589ರಲ್ಲಿ ವಿಜಾಪುರಕ್ಕೆ ಬಂದ ಫೆರಿಷ್ತಾನನ್ನು ನಾವು ಇತಿಹಾಸಕಾರನೆಂದಷ್ಟೇ ಓದುತ್ತೇವೆ. ಈ ನೆಲದ ವೈದ್ಯವನ್ನು ‘ದಸ್ತೂರ್-ಉಲ್-ಅತಿಬ್ಬಾ’ ಎಂದು ಫಾರಸಿಯಲ್ಲಿ ಬರೆದಿಟ್ಟವನೂ ಅವನೇ. ಪರದೇಶದಿಂದ ಬಂದವನಿಗೆ ಕಲಿಯಲು ನಾಚಿಕೆಯಿರಲಿಲ್ಲ.

*

ನಾವೂ ಕಲಿಯಬೇಕೆಂದರೆ ಇದೇ ವಿಜಾಪುರ ಸೀಮೆಯ ಮುದ್ದೇಬಿಹಾಳ, ಸಿಂದಗಿ ಕಡೆಯ ಶಾಲೆಗಳಲ್ಲಿ ಮಕ್ಕಳ ಬಾಯಿ ತೆರೆಸಿ ನೋಡಬೇಕು. ಒಬ್ಬಳ ಮುಂದಿನ ಹಲ್ಲಿನ ಮೇಲೆ ಹೊಳಪಿಲ್ಲದ ಬಿಳಿ ಮಚ್ಚೆ. ಇನ್ನೊಬ್ಬಳಿಗೆ ಅಡ್ಡಗೆರೆ, ಎಡಕ್ಕೆ ಇದ್ದದ್ದು ಬಲಕ್ಕೂ ಅದೇ ಎತ್ತರದಲ್ಲಿ. ಮತ್ತೊಬ್ಬನಿಗೆ ಕಾಚಿನ ಬಣ್ಣ, ಅಂಚು ಉದುರಿದೆ. “ಹಲ್ಲು ತಿಕ್ಕೂದಿಲ್ಲೇನೋ?” ಎಂದರೆ “ದಿನಾ ತಿಕ್ಕತೀನ್ರೀ ಸರ” ಎನ್ನುತ್ತಾನೆ. ಅವನು ಹೇಳುವುದು ನಿಜ. ಅದು ಕೊಳವೆಬಾವಿಯ ಫ್ಲೋರೈಡು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಈ ಸೀಮೆಯ ಹಲವು ಬೋರುಗಳು ಆ ಗೆರೆ ದಾಟಿವೆ.

*

ಮಳೆ ಕೈಕೊಟ್ಟಷ್ಟೂ ಬೋರು ಆಳಕ್ಕೆ ಇಳಿಯುತ್ತದೆ. ಬಂಡೆಯೊಡನೆ ಹೆಚ್ಚು ಕಾಲ ಇದ್ದ ನೀರು ಬಂಡೆಯ ಗುಣ ಹೊತ್ತು ಬರುತ್ತದೆ. ಬರಗಾಲದ ದಾಖಲೆ ಕಚೇರಿಯ ಕಡತದಲ್ಲಷ್ಟೇ ಇಲ್ಲ, ಮಕ್ಕಳ ಹಲ್ಲಿನಲ್ಲೂ ಇದೆ.

*

ಕಲೆ ಹೋಗಲೆಂದು ಲಿಂಬೆಹೋಳಿನಿಂದ ಹಲ್ಲು ತಿಕ್ಕುವವರಿದ್ದಾರೆ. 2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿಯ ಲಿಂಬೆ ಉಪ್ಪಿನಕಾಯಿಗೆ ಒಪ್ಪುತ್ತದೆ, ಹಲ್ಲಿಗೆ ಒಪ್ಪುವುದಿಲ್ಲ. ಹುಳಿಗೆ ಎನಾಮಲ್ ಕರಗುತ್ತದೆ, ಕಲೆ ಉಳಿಯುತ್ತದೆ.

*

ಹೊಗೆಸೊಪ್ಪು ಹುರಿದು ಅರೆದ ಮಿಶ್ರಿ ಬೆಳಿಗ್ಗೆ ಹಲ್ಲುಪುಡಿಯಾಗಿ ಬಾಯಿಗೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಚಟವಾಗಿರುತ್ತದೆ.

*

ಹಳಬರು ಹುಳವನ್ನು ದೂರಿದರು, ನಾವು ಮಗುವಿನ ಹೊಲಸುತನವನ್ನು ದೂರುತ್ತೇವೆ. ಕಾಣದ ಹುಳಕ್ಕೆ ಬೈದರೆ ಯಾರಿಗೂ ನೋವಾಗುತ್ತಿರಲಿಲ್ಲ. ಮಗುವಿಗೆ ಬೈದರೆ ಅದು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿಯುತ್ತದೆ.

*

ನೀರು ಕಾಸಿದರೆ ಫ್ಲೋರೈಡು ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಫ್ಲೋರೈಡಿನಿಂದ ಹಲ್ಲು ಕೆಡುವುದೂ ಬಾಯಲ್ಲಿ ಮೂಡಿದ ಮೇಲಲ್ಲ, ವಸಡಿನೊಳಗೆ ಎನಾಮಲ್ ಕಟ್ಟುವಾಗಲೇ. ಅದಕ್ಕೇ ಆಲಮಟ್ಟಿಯ ಕೃಷ್ಣಾ ನೀರು ಮನೆಗೆ ಒಂದೇ ಕೊಡ ಸಿಕ್ಕರೂ ಅದು ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ, ಅವರ ಗಂಜಿಗೆ, ಅವರ ಬೇಳೆಗೆ. ಬೋರಿನ ನೀರು ಬಟ್ಟೆಗೆ, ಪಾತ್ರೆಗೆ.