ಹಸಿವಿಗೆ ಅರ್ಹತೆ ಬೇಕೆ?

ಹಸಿದವನಿಗೆ ಅನ್ನ ಕೊಡುವ ಮುನ್ನ ಅವನು ಅದಕ್ಕೆ ಯೋಗ್ಯನೋ ಅಲ್ಲವೋ ಎಂದು ನೋಡಬೇಕೆ? ಧರ್ಮಚಿಂತನೆಯ ಈ ಹಳೆಯ ಪ್ರಶ್ನೆ ಒಮ್ಮೆ ನಮ್ಮ ಸೀಮೆಗೆ ಸರ್ಕಾರಿ ಆದೇಶದ ರೂಪದಲ್ಲಿ ಬಂದಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಹುಟ್ಟಿದ ಬರ ಈಶ್ವರ ಸಂವತ್ಸರಕ್ಕೂ ಚಾಚಿಕೊಂಡಿತು. ಅಡರಕಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಎರಿ ಹೊಲಗಳು ಮಳೆಯನ್ನೇ ನಂಬಿದವು; ಮಳೆ ತಪ್ಪಿದರೆ ಜೋಳವಿಲ್ಲ, ಜೋಳವಿಲ್ಲದಿದ್ದರೆ ಹಗೇವು ಬರಿದು. ಆಗ ಈ ಸೀಮೆ ಒಬ್ಬರ ಕೈಯಲ್ಲಿರಲಿಲ್ಲ. ಗದಗ, ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಲಕ್ಷ್ಮೇಶ್ವರ ಮೀರಜದ ಹಿರಿಯ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿಗೂ ಸೇರಿದ್ದವು. ಬರ ಈ ಗಡಿಗಳನ್ನು ಲೆಕ್ಕಕ್ಕಿಡಲಿಲ್ಲ. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಹೊತ್ತಿಗೆ 41.8 ಲಕ್ಷಕ್ಕೆ ಕುಸಿಯಿತು. ಅದನ್ನು ಅರಸರ ಅಸಮರ್ಥತೆ ಎನ್ನುವಂತೆಯೂ ಇಲ್ಲ. 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳೇ.

1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಲಾಯಿತು. ಅದೇ ತಿಂಗಳು ವೈಸರಾಯ್ ಲಿಟ್ಟನ್, ಬರಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ರಿಚರ್ಡ್ ಟೆಂಪಲ್‌ರನ್ನು ದಕ್ಷಿಣಕ್ಕೆ ಕಳಿಸಿದರು. ಟೆಂಪಲ್ ಗೊತ್ತುಮಾಡಿದ ಕೂಲಿ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಅದೂ ಬಿಸಿಲಲ್ಲಿ ದಿನವಿಡೀ ಮಣ್ಣು ಹೊತ್ತು, ಕಲ್ಲು ಒಡೆದವರಿಗೆ. ಕೆಲಸದ ಜಾಗ ಊರಿನಿಂದ ದೂರವಿರಬೇಕು, ಕೂಲಿ ಬದುಕಲು ಸಾಕಾಗಬೇಕೇ ಹೊರತು ಯಾರನ್ನೂ ಸೆಳೆಯುವಂತಿರಬಾರದು ಎಂಬುದು ಇದರ ಹಿಂದಿನ ತರ್ಕ. ನಿಜವಾಗಿ ಹಸಿದವನು ಮಾತ್ರ ಇಷ್ಟು ಕಷ್ಟಕ್ಕೆ ಬರುತ್ತಾನೆ, ಸುಳ್ಳು ಹಸಿವಿನವನು ಮನೆಯಲ್ಲೇ ಉಳಿಯುತ್ತಾನೆ ಎಂದು ಅಧಿಕಾರಿಗಳು ನಂಬಿದ್ದರು. 1834ರ ಇಂಗ್ಲೆಂಡಿನ ಬಡವರ ಕಾನೂನು ತನ್ನ ಬಡವರಿಗೆ ಇಟ್ಟಿದ್ದ ಪರೀಕ್ಷೆಯೇ ಇದು. ಅದನ್ನು ಜೋಳ ಬೆಳೆಯುವ ಬಯಲಿಗೆ ತಂದು ಹೂಡಲಾಯಿತು. ನನ್ನ ವಾದ ಇಷ್ಟೆ: ಈ ಪರೀಕ್ಷೆ ಆಡಳಿತದ ಒಂದು ಎಡವಟ್ಟು ಮಾತ್ರವಲ್ಲ, ನೀತಿಯ ನೆಲೆಯಲ್ಲೇ ತಪ್ಪು. ಹಸಿವು ತಾನೇ ಒಂದು ಹಕ್ಕು; ಅದರ ಮುಂದೆ ಇನ್ನೊಂದು ಅರ್ಹತೆಯನ್ನು ನಿಲ್ಲಿಸುವವನು ಕೊಡುವ ಕೆಲಸವನ್ನೇ ಕೆಡಿಸುತ್ತಾನೆ.

ಇದಕ್ಕೆ ಮೊದಲು ಬರುವ ಆಕ್ಷೇಪ ಕಾಲಧರ್ಮದ್ದು. ಆ ಕಾಲದ ಅರ್ಥಶಾಸ್ತ್ರ ಅವರಿಗೆ ಕಲಿಸಿದ್ದೇ ಅಷ್ಟು, ಇಂದಿನ ಅಳತೆಗೋಲು ಹಿಡಿದು ಅಂದಿನವರನ್ನು ಅಳೆಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆದರೆ ಅಳತೆಗೋಲು ಅಂದೇ ಇತ್ತು, ಅದೂ ಟೆಂಪಲ್ ಕೈಯಲ್ಲೇ ಇತ್ತು. 1873–74ರಲ್ಲಿ ಬಿಹಾರಕ್ಕೆ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿ ಉದಾರವಾಗಿ ಹಂಚಿಸಿದ್ದರು; ಅಲ್ಲಿ ಹಸಿವಿನಿಂದ ಸತ್ತವರು ತೀರ ಕಡಿಮೆ. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರನೆಂಬ ಹೆಸರು. ಮೂರು ವರ್ಷದ ಬಳಿಕ ಅವರು ಆ ಕಳಂಕ ತೊಳೆದುಕೊಳ್ಳಲು ಹೊರಟಂತೆ ಕಾಣುತ್ತದೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ವಿಲಿಯಂ ಕಾರ್ನಿಶ್, ದುಡಿಯುವ ದೇಹಕ್ಕೆ ಒಂದು ಪೌಂಡ್ ಧಾನ್ಯ ಸಾಲದು, ಒಂದೂವರೆ ಪೌಂಡಾದರೂ ಬೇಕು, ಜೊತೆಗೆ ಬೇಳೆ ತರಕಾರಿಯೂ ಬೇಕು ಎಂದು ಆಗಲೇ ವಾದಿಸಿದ್ದರು. ಮದ್ರಾಸ್ ಸರ್ಕಾರ ಕೆಲವೇ ತಿಂಗಳಲ್ಲಿ ಪಡಿಯನ್ನು ಸ್ವಲ್ಪ ಏರಿಸಿತು. ಮುಂಬಯಿ ಇಲಾಖೆಯಲ್ಲಿ ಕೂಲಿ ಇಳಿಸಿದ ಕೂಡಲೇ ಪರಿಹಾರದ ಕೆಲಸಗಾರರು ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟರು; ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. ವೈದ್ಯನಿಗೆ ಗೊತ್ತಿತ್ತು, ಕೂಲಿಗೆ ಗೊತ್ತಿತ್ತು, ಪುಣೆಯ ವಕೀಲರಿಗೆ ಗೊತ್ತಿತ್ತು. ಹೀಗಿರುವಾಗ ಕಾಲಧರ್ಮದ ಹೆಸರಿನಲ್ಲಿ ಯಾರಿಗೂ ವಿನಾಯಿತಿ ಸಿಗದು.

ಎರಡನೆಯ ಆಕ್ಷೇಪ ನಮ್ಮ ಪರಂಪರೆಯೊಳಗಿನಿಂದಲೇ ಏಳುತ್ತದೆ, ಆದ್ದರಿಂದ ಹೆಚ್ಚು ಗಟ್ಟಿಯಾದದ್ದು. ಪಾತ್ರಾಪಾತ್ರ ವಿವೇಚನೆ ಇಂಗ್ಲಿಷರು ತಂದದ್ದಲ್ಲ. ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಟ್ಟ ದಾನವೇ ಸಾತ್ತ್ವಿಕವೆಂದು ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಜೈನ ಗ್ರಂಥಗಳಲ್ಲಿ ಉತ್ತಮ, ಮಧ್ಯಮ, ಜಘನ್ಯ ಪಾತ್ರಗಳ ವಿಂಗಡಣೆಯೇ ಇದೆ. ಲಕ್ಷ್ಮೇಶ್ವರ ಪುಲಿಗೆರೆಯಾಗಿದ್ದ ಕಾಲದಲ್ಲಿ ದೊಡ್ಡ ಜೈನ ಕೇಂದ್ರ. ಅಲ್ಲಿಂದ ದೂರವಿಲ್ಲದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿ ಎಂದು ಕರೆಯಿತು. ಅಂಥ ನೆಲದಲ್ಲಿ ನಿಂತು ಪರೀಕ್ಷೆಯನ್ನು ಪರಕೀಯ ಎನ್ನಲು ಬರುತ್ತದೆಯೇ? ಉತ್ತರ ಅದೇ ಗ್ರಂಥಗಳಲ್ಲಿದೆ. ಪಾತ್ರವನ್ನು ನೋಡುವುದು ಭಕ್ತಿಯಿಂದ ಕೊಡುವ ದಾನದಲ್ಲಿ. ಗುರುವಿಗೆ, ಮುನಿಗೆ, ವಿದ್ವಾಂಸನಿಗೆ ಕೊಡುವಾಗ ಅವನ ಗುಣವೇ ಕೊಡಲು ಕಾರಣ. ಕರುಣೆಯಿಂದ ಕೊಡುವ ದಾನಕ್ಕೆ ಈ ನಿಯಮ ಹಚ್ಚುವಂತಿಲ್ಲವೆಂದು ಜೈನರು ಸ್ಪಷ್ಟವಾಗಿಯೇ ಬೇರ್ಪಡಿಸಿದ್ದಾರೆ. ಅಲ್ಲಿ ದುಃಖವೇ ಕಾರಣ, ಗುಣವಲ್ಲ. ಟೆಂಪಲ್ ಪರೀಕ್ಷೆ ಈ ಎರಡನ್ನೂ ತಲೆಕೆಳಗು ಮಾಡಿತು. ಸನ್ಮಾನಕ್ಕೆ ಕೇಳಬೇಕಾದ ಅರ್ಹತೆಯನ್ನು ಅದು ಗಂಜಿಗೆ ಕೇಳಿತು.

ಮೂರನೆಯ ಆಕ್ಷೇಪ ಕಾಯಕದ್ದು. ದುಡಿಯದೆ ಉಣ್ಣಬಾರದೆಂದು ಶರಣರೇ ಸಾರಿದ್ದಾರಲ್ಲ, ಕೆರೆ ತೋಡಿಸಿ ಕೂಲಿ ಕೊಟ್ಟರೆ ತಪ್ಪೇನು ಎಂಬ ಪ್ರಶ್ನೆ ಸಹಜ. ದುಡಿಮೆಗೆ ಕೂಲಿ ಕೊಡುವುದು ತಪ್ಪಲ್ಲ. ಬರದ ವರ್ಷ ಕೆರೆ, ರಸ್ತೆ ಆದರೆ ಊರಿಗೇ ಲಾಭ. ಆದರೆ ಕಾಯಕವೆಂದರೆ ಮನುಷ್ಯನ ಘನತೆಯನ್ನು ಎತ್ತಿ ಹಿಡಿಯುವ ದುಡಿಮೆ, ದಾಸೋಹವೆಂದರೆ ಕೊಡುವವನು ತಾನು ಮೇಲೆಂಬ ಭಾವ ಬಿಟ್ಟು ನೀಡುವುದು. ಬರದ ಕೂಲಿಯಲ್ಲಿ ದುಡಿಮೆ ಬೇಕಾಗಿದ್ದುದು ಕೆರೆಗಾಗಿ ಅಲ್ಲ, ಬರುವವನನ್ನು ಹಿಮ್ಮೆಟ್ಟಿಸುವುದಕ್ಕಾಗಿ. ಗುದ್ದಲಿಯನ್ನು ಅಲ್ಲಿ ಜರಡಿಯಂತೆ ಬಳಸಲಾಯಿತು. ಆ ಜರಡಿ ತಪ್ಪಾದವರನ್ನೇ ಸೋಸಿತು: ಮೈಗಳ್ಳ ಹೊರಗೆ ಉಳಿದನೋ ಇಲ್ಲವೋ, ಮುದುಕರು, ಬಸುರಿಯರು, ರೋಗಿಗಳು, ಎತ್ತು ಹಿತ್ತಲು ಬಿಟ್ಟು ದೂರ ಹೋಗಲಾರದ ರೈತರು ಮಾತ್ರ ಹೊರಗುಳಿದರು. ಕೊನೆಯ ಕಾಳು ಮುಗಿದ ಮೇಲೆ ಹೊರಟವರು ಕೆಲಸದ ಜಾಗ ಮುಟ್ಟುವಾಗ ಗುದ್ದಲಿ ಎತ್ತುವ ಶಕ್ತಿಯನ್ನೇ ಕಳೆದುಕೊಂಡಿದ್ದರು.

ಬಡವ ಮೈಗಳ್ಳನಿರಬೇಕು ಎಂಬ ಈ ಸಂಶಯ ಭಾರತದವರ ಮೇಲೆ ಮಾತ್ರ ಇತ್ತೆಂದು ತಿಳಿದರೆ ಅದರ ಬೇರು ಕಾಣುವುದಿಲ್ಲ. 1865ರಲ್ಲಿ ಜಮೈಕಾದ ಸೇಂಟ್ ಆನ್ ಭಾಗದ ಬಡವರು ಉಳಲು ಭೂಮಿ ಬೇಕೆಂದು ರಾಣಿಗೆ ಅರ್ಜಿ ಬರೆದರು. ಕೂಲಿಗಾಗಿ ಬಿಡದೆ ದುಡಿಯುವುದೇ ನಿಮ್ಮ ಏಳಿಗೆಯ ದಾರಿ ಎಂಬ ಬುದ್ಧಿವಾದ ಲಂಡನ್ನಿನಿಂದ ಬಂತು. ಅದನ್ನು ಅಚ್ಚು ಹಾಕಿಸಿ ದ್ವೀಪದ ತುಂಬ ಅಂಟಿಸಲಾಯಿತು. ಅದೇ ವರ್ಷ ಮೊರಾಂಟ್ ಬೇಯಲ್ಲಿ ದಂಗೆಯಾಯಿತು, ಗವರ್ನರ್ ಐರ್ ಅದನ್ನು ರಕ್ತದಲ್ಲಿ ಅಡಗಿಸಿದರು. ಗುಲಾಮಗಿರಿ ನಿಂತ ಮೇಲೆ ಟ್ರಿನಿಡಾಡ್, ಬ್ರಿಟಿಷ್ ಗಯಾನಾಗಳ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಒಯ್ದ ಭಾರತೀಯ ಕೂಲಿಗಳು ಚೀಟಿ ಇಲ್ಲದೆ ತೋಟದ ಆಚೆ ಕಂಡರೆ ಜೈಲು. ಬಲವಂತವಿಲ್ಲದಿದ್ದರೆ ಬಡವ ದುಡಿಯುವುದಿಲ್ಲ ಎಂಬ ಒಂದೇ ನಂಬಿಕೆ ಕಿಂಗ್‌ಸ್ಟನ್ನಿನಲ್ಲೂ ಧಾರವಾಡದಲ್ಲೂ ಆಳುತ್ತಿತ್ತು. 1897ರಲ್ಲಿ ಕೆರಿಬಿಯನ್‌ಗೆ ಹೋದ ನಾರ್ಮನ್ ಆಯೋಗ ಕೊನೆಗೆ ಶಿಫಾರಸು ಮಾಡಿದ್ದು ಕೂಲಿಗಳಿಗೆ ಸಣ್ಣ ಹಿಡುವಳಿ ಕೊಡಿ ಎಂದು. ಮೂವತ್ತು ವರ್ಷಗಳ ಹಿಂದೆ ಜಮೈಕಾದ ಬಡವರು ಕೇಳಿದ್ದೂ ಅದನ್ನೇ.

ಕೊನೆಯ ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಮಠದ ದಾಸೋಹ ನೂರು ಜನಕ್ಕೆ ಅನ್ನ ಹಾಕೀತು, ಲಕ್ಷ ಜನಕ್ಕೆ ಹಾಕಲಾರದು. ಅದಕ್ಕೆ ಖಜಾನೆ, ರೈಲು, ಕಾಗದಪತ್ರ ಎಲ್ಲ ಬೇಕು, ಮತ್ತು ಖಜಾನೆಗೆ ಮಿತಿಯುಂಟು. ಇದು ನಿಜ. 1880ರ ಬರ ಆಯೋಗ ಜನರನ್ನು ಉಳಿಸುವುದು ಸರ್ಕಾರದ ಹೊಣೆ ಎಂದು ಒಪ್ಪಿದ್ದು, ಆ ಮೇಲೆ ಬರ ಸಂಹಿತೆಗಳು ಬಂದದ್ದು, ಬರಸೀಮೆಗೆ ಧಾನ್ಯ ಮುಟ್ಟಲೆಂದು ಹಾಕಿದ ಸದರ್ನ್ ಮರಾಠಾ ರೈಲು 1884ರಲ್ಲಿ ಗದಗ ಮುಟ್ಟಿದ್ದು ಸಣ್ಣ ಸಾಧನೆಗಳಲ್ಲ. ಆದರೆ ಇವು ಪರೀಕ್ಷೆಯ ಪರ ಸಾಕ್ಷಿಯಲ್ಲ, ವಿರುದ್ಧ ಸಾಕ್ಷಿ: ಜೀವ ಉಳಿಸಿದ್ದು ಸಕಾಲಕ್ಕೆ ಮುಟ್ಟಿದ ಧಾನ್ಯ. ಮಿತಿಯುಳ್ಳ ಖಜಾನೆ ಯಾರಿಗೆ ಮೊದಲು ಎಂದು ಕೇಳಲಿ. ಯಾರು ಸುಳ್ಳುಗಾರ ಎಂಬಲ್ಲಿಂದ ಶುರುಮಾಡಬೇಕಿಲ್ಲ. ಹತ್ತು ಮಂದಿ ಕಳ್ಳಹಸಿವಿನವರು ಉಂಡರೆ ಖಜಾನೆಗೆ ನಷ್ಟ, ಅದನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಒಬ್ಬ ನಿಜಹಸಿವಿನವನು ಸತ್ತರೆ ಆ ನಷ್ಟವನ್ನು ಯಾವ ಸರ್ಕಾರವೂ ತುಂಬಿಕೊಡಲಾರದು. ಎರಡು ತಪ್ಪುಗಳಲ್ಲಿ ಯಾವುದನ್ನು ಮಾಡಲು ಸಿದ್ಧ ಎಂಬುದರಲ್ಲೇ ಆಡಳಿತದ ಧರ್ಮ ತಿಳಿಯುತ್ತದೆ.

ಸ್ವತಂತ್ರ ಭಾರತ ಈ ಪಾಠವನ್ನು ಕಾನೂನಿನಲ್ಲಿ ಬರೆದುಕೊಂಡದ್ದುಂಟು. 2005ರ ಉದ್ಯೋಗ ಖಾತರಿ ಕಾಯ್ದೆ ಊರಿನಿಂದ ಐದು ಕಿಲೋಮೀಟರ್ ಒಳಗೆ ಕೆಲಸ ಕೊಡಬೇಕು, ಅದನ್ನು ಮೀರಿದರೆ ಶೇಕಡಾ ಹತ್ತು ಕೂಲಿ ಹೆಚ್ಚು ಕೊಡಬೇಕು ಎಂದಿತು. 1877ರ ನಿಯಮಕ್ಕೆ ಇದು ತದ್ವಿರುದ್ಧ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಹಕ್ಕೆಂದು ಕರೆಯಿತು. ಆದರೆ ಹಳೆಯ ಸಂಶಯ ಸತ್ತಿಲ್ಲ. ಹೆಬ್ಬೆರಳ ಗುರುತು ಯಂತ್ರಕ್ಕೆ ಹೊಂದದ ಮುದುಕಿಯನ್ನು ನ್ಯಾಯಬೆಲೆ ಅಂಗಡಿಯಿಂದ ಬರಿಗೈಲಿ ಕಳಿಸಿದಾಗ, ತನ್ನ ಹಸಿವನ್ನು ಸಾಬೀತು ಮಾಡುವ ಹೊರೆಯನ್ನು ಮತ್ತೆ ಅವಳ ತಲೆಯ ಮೇಲೇ ಹೊರಿಸಿದಂತಾಯಿತು. ಯಂತ್ರ ಬೇಕಿದ್ದರೆ ಇರಲಿ, ದಾಖಲೆ ಬೇಕಿದ್ದರೆ ಇರಲಿ. ಆದರೆ ಮೊದಲು ಜೋಳ ಅಳೆದು ಕೊಡಿ, ಲೆಕ್ಕವನ್ನು ಆಮೇಲೆ ಸರಿಮಾಡಿಕೊಳ್ಳಿ.