ಬಿತ್ತನೆ ಗೆಡ್ಡೆ ಎಲ್ಲಿಯದು?

ಕಳೆದ ಮುಂಗಾರಿಗೆ ಮುಂಚೆ ಅರಕಲಗೂಡಿನ ಹತ್ತಿರದ ನಮ್ಮೂರಿನಲ್ಲಿ ಕೂತು, ಜಿಸಿಸಿ ಎಂಬ ಕಂಪೈಲರನ್ನು ಸೋರ್ಸ್ ಕೋಡಿನಿಂದಲೇ ಕಟ್ಟುತ್ತಿದ್ದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಸಿದ್ಧವಾದದ್ದು ಸುಲಭವಾಗಿ ಸಿಗುತ್ತಿತ್ತು. ಆದರೆ ನನ್ನ ಪಿಎಚ್.ಡಿ. ಪ್ರಬಂಧದ ಲೆಕ್ಕಗಳೆಲ್ಲ ಅದರ ಮೂಲಕವೇ ಹಾಯಬೇಕು. ಬೇರೆಯವರು ಕಟ್ಟಿಕೊಟ್ಟದ್ದನ್ನು ಪರೀಕ್ಷಿಸದೆ ನಂಬಬಾರದೆಂಬ ಹಟ ನನ್ನದು.

ಗಂಟೆಗಟ್ಟಲೆ ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಅಪ್ಪ ಬಂದು ನೋಡಿದರು.

“ಏನ್ ಮಗಾ ಅದು, ಬೆಳಿಗ್ಗೆಯಿಂದ ಓಡ್ತಾನೇ ಐತೆ?”

“ಕಂಪೈಲರು ತನ್ನನ್ನ ತಾನೇ ಕಟ್ಕೋತಾ ಐತೆ ಅಪ್ಪಾ.”

“ಮತ್ತೆ ಮೊದಲನೇದನ್ನ ಯಾರು ಕಟ್ಟಿದ್ರು?”

ಮೊಸರಿಗೆ ಹೆಪ್ಪು ಬೇಕಾದ ಹಾಗೆ ಕಂಪೈಲರ್ ಕಟ್ಟಲು ಇನ್ನೊಂದು ಕಂಪೈಲರ್ ಬೇಕು. ಹಳೆಯದು ಹೊಸದನ್ನು ಕಟ್ಟುತ್ತದೆ, ಹೊಸದು ಅದೇ ಕೋಡಿನಿಂದ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತದೆ, ಅದು ಇನ್ನೊಮ್ಮೆ. ಎರಡನೆಯ ಮತ್ತು ಮೂರನೆಯ ಹಂತದಲ್ಲಿ ಬಂದದ್ದು ಒಂದೇ ಆಗಿದ್ದರೆ ಕೆಲಸ ಸರಿ ಎಂದು ಲೆಕ್ಕ.

ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸ 1984ರಲ್ಲಿ ಪ್ರಕಟವಾಯಿತು. ಕಂಪೈಲರಿನೊಳಗೆ ಮೋಸವೊಂದನ್ನು ಅಡಗಿಸಿ, ಆಮೇಲೆ ಸೋರ್ಸ್ ಕೋಡಿನಿಂದ ಅದನ್ನು ಅಳಿಸಿದರೂ, ಅದು ಮುಂದಿನ ಪೀಳಿಗೆಗಳಿಗೆ ದಾಟುತ್ತಲೇ ಹೋಗುವಂತೆ ಮಾಡಬಹುದೆಂದು ಅವರು ತೋರಿಸಿದರು. ಕೋಡನ್ನು ಸಾಲು ಸಾಲಾಗಿ ಓದಿದರೂ ಅದು ಕಾಣದು. ನನ್ನ ಹೋಲಿಕೆಗೂ ಸಿಗದು. ಎರಡು ಹಂತದಲ್ಲೂ ಅದೇ ಮೋಸ ಇರುತ್ತದಲ್ಲ.

ಅಪ್ಪನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. “ಬಿತ್ತನೆ ಗೆಡ್ಡೆ ಇದ್ದಂಗೆ ಬಿಡು” ಅಂದರು. ಹಾಸನ ಸೀಮೆಗೆ ಬಿತ್ತನೆ ಆಲೂಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ನೋಡಲು ಚೆನ್ನಾಗಿರುವ ಗೆಡ್ಡೆಯೊಳಗೂ ಅಂಗಮಾರಿಯ ರೋಗಾಣು ಇರಬಹುದು. ಒಂದು ವರ್ಷ ನಮ್ಮ ಹೊಲವಿಡೀ ಕಪ್ಪಾಯಿತು. ಆ ಸಲದ ನನ್ನ ಕಾಲೇಜಿನ ಫೀಸನ್ನು ಚನ್ನರಾಯಪಟ್ಟಣದ ಸೋದರಮಾವ ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಕಟ್ಟಿದರು.

ಎಲ್ಲವನ್ನೂ ಪರೀಕ್ಷಿಸಲಾಗದು ಎಂದ ಮೇಲೆ ಪರೀಕ್ಷೆಯೇ ವ್ಯರ್ಥವೆ? ಅಪ್ಪ ಹಾಗಂದುಕೊಳ್ಳಲಿಲ್ಲ. ಮರುವರ್ಷ ಅರ್ಧ ಬಿತ್ತನೆಯನ್ನು ಹಾಸನದಲ್ಲಿ, ಇನ್ನರ್ಧವನ್ನು ಹೊಳೆನರಸೀಪುರದ ಪರಿಚಯಸ್ಥರಿಂದ ಕೊಂಡು, ಬೇರೆ ಬೇರೆ ಪಟ್ಟಿಗಳಲ್ಲಿ ನೆಟ್ಟರು. ಡೇವಿಡ್ ವೀಲರ್ ಎಂಬ ವಿದ್ವಾಂಸರು ಥಾಂಪ್ಸನ್ ಒಡ್ಡಿದ ಸಮಸ್ಯೆಗೆ ಸೂಚಿಸಿದ ದಾರಿಯೂ ಇದಕ್ಕೆ ಹತ್ತಿರದ್ದು. ಬೇರೆ ಮೂಲದ ಕಂಪೈಲರಿನಿಂದ ಅದೇ ಕೋಡನ್ನು ಕಟ್ಟಿ, ಬಂದದ್ದರಿಂದ ಮತ್ತೊಮ್ಮೆ ಕಟ್ಟಿ, ಮೊದಲಿನದರ ಜೊತೆ ಹೋಲಿಸುವುದು. ಸಂಬಂಧವೇ ಇಲ್ಲದ ಇಬ್ಬರು ಒಂದೇ ಸುಳ್ಳು ಹೇಳುವುದು ಅಪರೂಪ.

ಆ ಗೆಡ್ಡೆ ಮಾರಿದವನ ಮೇಲೆ ಸಿಟ್ಟಿಲ್ಲವೇ ಎಂದು ಅಪ್ಪನನ್ನು ಕೇಳಿದೆ. “ರೋಗ ಇರೋದು ಅವನಿಗೂ ಗೊತ್ತಿರ್ಲಿಲ್ಲ ಕಣಪ್ಪ. ಆದ್ರೆ ಎಲ್ಲಿಂದ ತಂದೆ ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ” ಅಂದರು.

ತಪ್ಪು ಎಲ್ಲಿದೆ ಎಂದು ನನಗೆ ಆಗ ಹೊಳೆಯಿತು. ತಿಳಿಯದೆ ರೋಗ ದಾಟಿಸಿದವನನ್ನು ಕ್ಷಮಿಸಬಹುದು. ಬಂದ ದಾರಿಯನ್ನು ಮುಚ್ಚಿಟ್ಟವನು ಮಾತ್ರ ಮುಂದಿನವರು ಹುಡುಕುವ ಅವಕಾಶವನ್ನೇ ಕಿತ್ತುಕೊಳ್ಳುತ್ತಾನೆ. ಇಷ್ಟು ದಿನ ನಾನು ಯಾರನ್ನು ನಂಬಲಿ ಎಂದಷ್ಟೇ ಯೋಚಿಸಿದ್ದೆ. ನನ್ನನ್ನು ನಂಬುವವರ ಬಗ್ಗೆ ಯೋಚಿಸಿರಲಿಲ್ಲ. ನನ್ನ ಲೆಕ್ಕಗಳೂ ನಾಳೆ ಯಾರಿಗೋ ಬಿತ್ತನೆ.

ಪ್ರಬಂಧದ ಅನುಬಂಧಕ್ಕೆ ಒಂದು ಪುಟ ಸೇರಿಸಿದ್ದೇನೆ: ಯಾವ ಕಂಪೈಲರ್, ಯಾವ ಆವೃತ್ತಿ, ಅದನ್ನು ಯಾವುದರಿಂದ ಕಟ್ಟಿದೆ, ಯಾವುದನ್ನು ಪರೀಕ್ಷಿಸದೆ ಬಿಟ್ಟೆ.